ಸೂರ್ಯಕಾಂತಿಯನ್ನು ಮಣ್ಣಿಗೆ ಉಣಿಸಿದವರು

ನಮ್ಮ ಬಿಲ್ಡಿಂಗಿನ ಗೇಟಿನ ರಿಜಿಸ್ಟರು ಆರು ವರ್ಷ ಕನ್ನಡದಲ್ಲಿತ್ತು. ಎಲ್ಲಿ? ಮುಂಬಯಿಯ ಪರೇಲಿನಲ್ಲಿ! ಕೊರಿಯರಿನವನು, ಲಿಫ್ಟ್ ರಿಪೇರಿಯವನು, ಮೂರನೇ ಮಾಳಿಗೆಯ ಡಾಕ್ಟರಮ್ಮನ ನೆಂಟರು, ಯಾರೇ ಬರಲಿ, ಅವರ ಹೆಸರು ದುಂಡು ದುಂಡು ಕನ್ನಡ ಅಕ್ಷರದಲ್ಲಿ ಆ ಪುಸ್ತಕದೊಳಗೆ ಹೋಗಿ ಕೂರುತ್ತಿತ್ತು. ಬರೆಯುತ್ತಿದ್ದವರು ನಮ್ಮ ವಾಚ್‌ಮನ್ ಮಾಮಾ. ಬೇರೆ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಬರುವುದಿಲ್ಲ ಅಂತ ಅವರು ಯಾರಿಗೂ ಹೇಳಿರಲೂ ಇಲ್ಲ.

ಒಂದು ದಿನ ಯಾರದೋ ಪಾರ್ಸೆಲ್ ಕಾಣೆಯಾಯಿತು. ಬಿಲ್ಡಿಂಗಿನ ಸೆಕ್ರೆಟರಿ ಸಾಹೇಬರು ಬಂದು ಪುಸ್ತಕ ತೆರೆದು ನೋಡಿದರು. ತಿರುಗಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ನೋಡಿದರು.

“ಯೇ ಕ್ಯಾ ಲಿಖಾ ಹೈ ಮಾಮಾ? ಕೌನ್ ಪಢೇಗಾ ಇಸ್‌ಕೋ?”

“ಗ್ಯಾರವೇ ಮಾಲೇ ಕೀ ಆಜೀ ಪಢೇಗೀ ಸಾಬ್,” ಎಂದರಂತೆ ಮಾಮಾ, ಏನೂ ಆಗದವರ ಹಾಗೆ.

ಓದುತ್ತಾಳೆ ಎಂದು ಅವರು ಹೇಳಿದ ಆ ಹನ್ನೊಂದನೇ ಮಾಳಿಗೆಯ ಅಜ್ಜಿ ನಾನೇ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು. ನಮ್ಮವರು ಫೋರ್ಟಿನ ಒಂದು ಹೋಟೆಲಿನಲ್ಲಿ ಕಾಫಿ ಕೌಂಟರಿನಲ್ಲಿ ನಿಂತೇ ಬಾಳು ಕಳೆದವರು. ಈ ಊರಿಗೆ ಬಂದು ನಲವತ್ತೈದು ವರ್ಷದಲ್ಲಿ ‘ಬನ್ನಿ, ಓದಿ ಹೇಳಿ’ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಸೀರೆ ಸರಿಮಾಡಿಕೊಂಡು, ನಮ್ಮವರ ಕನ್ನಡಕ ಇಸಕೊಂಡು ಲಿಫ್ಟಿನಲ್ಲಿ ಇಳಿದೆ. ಓದಿದೆ. ಪಾರ್ಸೆಲ್ ಸಿಕ್ಕಿತು. ಆಮೇಲೆ ತಿಂಗಳಿಗೊಮ್ಮೆಯಾದರೂ ಕರೆ ಬರುತ್ತಿತ್ತು. ನಾನು ಬಿಲ್ಡಿಂಗಿನ ದೊಡ್ಡ ವಿದ್ವಾಂಸೆಯಾಗಿಬಿಟ್ಟೆ!

ಮಾಮಾ ಹೋದ ಭಾನುವಾರ ಕೆಲಸ ಬಿಟ್ಟು ಹೊರಟರು. ಮರುದಿನ, ಸೋಮವಾರ, ಏಳು ವರ್ಷದ ನನ್ನ ಮೊಮ್ಮಗಳು ಚಿನ್ನು ಅದೇ ರಿಜಿಸ್ಟರಿನಿಂದ ಒಂದು ಸಾಲು ಓದಿದಳು. ಕನ್ನಡ ಓದಿದಳು! ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹಾಲಾಯಿತು, ಸಾರಿಗೆ ಎರಡು ಸಲ ಉಪ್ಪು ಬಿತ್ತು, ನಮ್ಮವರು “ಏನಾಗಿದೆ ಇವಳಿಗೆ?” ಎಂದು ಮಗನನ್ನು ಕೇಳಿದರು. ಯಾವ ಸಾಲು ಅಂತ ಆಮೇಲೆ ಹೇಳುತ್ತೇನೆ. ಮೊದಲು ಅದನ್ನು ಬರೆದ ಮನುಷ್ಯನನ್ನು ಹೇಳಬೇಕು.

ಎತ್ತರದ ಆಳು. ಹುಲ್ಲಿನ ಹಾಗೆ ನೆಟ್ಟಗೆ ನಿಂತ ಬಿಳಿಕೂದಲು. ಮೇ ತಿಂಗಳಲ್ಲೂ ಕೊರಳಿಗೆ ಮಫ್ಲರು. ಬಿಜಾಪುರದ ಕಡೆಯವರು. ಬಲಗೈಯಲ್ಲಿ ಸದಾ ಚಹಾದ ಗ್ಲಾಸು ಇರುತ್ತಿದ್ದುದರಿಂದ ಕಾರಿನವರಿಗೆ ಎಡಗೈಯಲ್ಲೇ ಸೆಲ್ಯೂಟು. ಅದು ಅವಮರ್ಯಾದೆ ಎಂದು ಒಬ್ಬರು ಕಂಪ್ಲೇಂಟ್ ಕೊಟ್ಟಾಗ ಗ್ಲಾಸನ್ನು ಎಡಗೈಗೆ ವರ್ಗಾಯಿಸಿ ಬಲಗೈಯಲ್ಲಿ ಸೆಲ್ಯೂಟ್ ಹೊಡೆದರು. ಚಹಾ ಚೆಲ್ಲಿ ಅವರ ಕಾರಿನ ಕಿಟಕಿಯ ಮೇಲೆಯೇ ಬಿತ್ತು. ಆಮೇಲೆ ಯಾರೂ ಕಂಪ್ಲೇಂಟ್ ಕೊಡಲಿಲ್ಲ.

ರಿಜಿಸ್ಟರಿನಲ್ಲಿ ಅವರು ಗೆರೆ ಎಳೆದು ನಾಲ್ಕು ಮನೆ ಮಾಡಿಕೊಂಡಿದ್ದರು. ಹೆಸರು, ಯಾರ ಮನೆಗೆ, ಬಂದ ಹೊತ್ತು, ಹೋದ ಹೊತ್ತು. ಆ ನಾಲ್ಕನೆಯ ಮನೆ ಖಾಲಿ ಉಳಿಯಿತೆಂದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಒಮ್ಮೆ ನನ್ನ ತಮ್ಮ ಊರಿಂದ ಬಂದವನು, ಗಡಿಬಿಡಿಯಲ್ಲಿ ಗೇಟು ದಾಟಿ ಹೋಗಿಬಿಟ್ಟ. ಮಾಮಾ ರಿಜಿಸ್ಟರು ಬಗಲಲ್ಲಿಟ್ಟುಕೊಂಡು ಬಸ್‌ಸ್ಟಾಪಿನವರೆಗೂ ಓಡಿದರು.

“ನಿಂದರ್ರೀ ಯಣ್ಣಾ, ನೀವಿನ್ನೂ ಹೋಗಿಲ್ಲ!”

“ನಾನು ಬಸ್ಸು ಹತ್ತುತ್ತಾ ಇದ್ದೇನಲ್ಲ ಮಾರಾಯ್ರೇ!”

“ಬಸ್ಸು ಹತ್ತಿದ್ರೇನಾತು? ಪುಸ್ತಕದಾಗ ಒಳಗ ಇದ್ದೀರಿ. ಹೋದ ಹೊತ್ತು ಬರ್ದಮ್ಯಾಲ ಹೋದಂಗ.”

ನನ್ನ ತಮ್ಮ ಇವತ್ತಿಗೂ ಫೋನು ಮಾಡಿದರೆ ಮೊದಲು ಕೇಳುವುದು, ‘ಆ ರಿಜಿಸ್ಟರಿನವರು ಹೇಗಿದ್ದಾರೆ?’

ನನಗೂ ಅವರಿಗೂ ದಿನಾ ಒಂದು ಜಗಳ ಇರಲೇಬೇಕು. ನಾನು ಬಟ್ಟಲಲ್ಲಿ ಏನಾದರೂ ಪಲ್ಯ ಕೊಟ್ಟರೆ ಮುಚ್ಚಳ ತೆಗೆದು ನಗುವರು. “ಅಕ್ಕಾರ, ಇದರಾಗೂ ತೆಂಗಿನಕಾಯಿ! ಚಹಾದಾಗ ಒಂದು ಹಾಕೂದು ಬಿಟ್ಟೀರಿ ನೋಡ್ರಿ ನೀವು.” ನಾನು ಬಿಡುವವಳಾ? “ನಿಮ್ಮ ಜೋಳದ ರೊಟ್ಟಿಯಲ್ಲಿ ನಿನ್ನೆ ಒಂದು ಕಾಗೆಯ ಕೊಕ್ಕು ಮುರಿಯಿತು” ಎಂದು ಹೇಳಿ ಬರುತ್ತಿದ್ದೆ. ಬಟ್ಟಲು ಮಾತ್ರ ಸಂಜೆಗೆ ತೊಳೆದು ವಾಪಸು ಬರುತ್ತಿತ್ತು, ಒಳಗೆ ಒಂದು ಚಿಟಿಕೆ ಸಕ್ಕರೆ. ಖಾಲಿ ಬಟ್ಟಲು ಕೊಡಬಾರದಂತೆ.

ಇನ್ನು ಬಿಲ್ಡಿಂಗಿನ ಹಿಂದಿನ ಜಾಗದ ಕಥೆ. ನಮ್ಮದು ಮೊದಲು ಚಾಳು, ಸಾಲುಮನೆಗಳ ಹಳೇ ಕಟ್ಟಡ. ಅದನ್ನು ಕೆಡವಿ ಇಪ್ಪತ್ತೆರಡು ಮಾಳಿಗೆ ಎಬ್ಬಿಸಿದರು. ಕೆಡವಿದ್ದರಲ್ಲಿ ಅರ್ಧ ಲಾರಿಯಲ್ಲಿ ಹೋಯಿತು, ಅರ್ಧ ಹಿಂದುಗಡೆ ರೈಲ್ವೆ ಗೋಡೆಯ ಪಕ್ಕದಲ್ಲೇ ಉಳಿಯಿತು. ಅದರ ಮೇಲೆ ಒಂದಿಷ್ಟು ಕೆಂಪು ಧೂಳು ಚೆಲ್ಲಿ ‘ಗಾರ್ಡನ್’ ಎಂದು ಬೋರ್ಡು ನೆಟ್ಟರು. ಬೋರ್ಡು ಬಿಟ್ಟರೆ ಅಲ್ಲಿ ಬೇರೇನೂ ಬೆಳೆಯಲಿಲ್ಲ. ತುಳಸಿ ಇಟ್ಟೆ, ಸತ್ತಿತು. ಮಳೆ ಬಂದರೆ ನೀರು ನಿಲ್ಲುವುದು, ಬಿಸಿಲು ಬಂದರೆ ಬಾಣಲೆಯಂತೆ ಕಾಯುವುದು. ಮೇ ತಿಂಗಳ ಮೀಟಿಂಗಿನಲ್ಲಿ ಸೆಕ್ರೆಟರಿ ಸಾಹೇಬರು ಎದ್ದು, ಮಳೆ ಮುಗಿದ ಮೇಲೆ ಅಲ್ಲಿ ಸಿಮೆಂಟಿನ ಪೇವರ್ ಬ್ಲಾಕ್ ಹಾಕಿಸೋಣ, ಸ್ಕೂಟರು ನಿಲ್ಲಿಸಲು ಜಾಗವಾಗುತ್ತದೆ ಎಂದರು. ಎಲ್ಲರೂ ಕೈ ಎತ್ತಿದರು.

ನನಗೆ ಮಾತ್ರ ಅದು ಹಿಡಿಸಲಿಲ್ಲ. ಕಾರಣ ಚಿನ್ನು. ಹಿಂದಿನ ವರ್ಷ ಅವಳನ್ನು ಊರಿಗೆ ಕರೆದುಕೊಂಡು ಹೋಗಿದ್ದಾಗ ಅಂಗಳಕ್ಕೆ ಕಾಲಿಡಲಿಲ್ಲ. “ಅಜ್ಜಿ, ಡರ್ಟಿ ಹೈ!” ಎಂದು ಸೊಂಟ ಏರಿ ಕುಳಿತಳು. ಮಣ್ಣು ಅಂದರೆ ಕೊಳೆ ಎಂದು ಆ ಮಗುವಿನ ಲೆಕ್ಕ. ಅವಳದೇನು ತಪ್ಪು? ಕಂಡಿದ್ದರೆ ತಾನೆ! ಮನೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಸ್ಲೇಟು ತೆಗೆದು ಅ ಆ ಬರೆಸಲು ಹೊರಟರೆ ಮಂಚದಡಿ ಸೇರುತ್ತಿದ್ದಳು.

ಮೀಟಿಂಗಿನ ಬಾಗಿಲಲ್ಲಿ ಕುರ್ಚಿ ಜೋಡಿಸಲು ನಿಂತಿದ್ದ ಮಾಮಾ ಆಗ ಬಾಯಿ ಹಾಕಿದರು. ವಾಚ್‌ಮನ್ ಮೀಟಿಂಗಿನಲ್ಲಿ ಮಾತಾಡಿದ್ದು ಅದೇ ಮೊದಲು.

“ಸಾಬ್, ದಸರಾ ತಕ್ ಮುಝೇ ದೇದೋ ವೋ ಜಗಹ್.”

“ಕ್ಯಾ ಕರೋಗೇ?”

“ಖಾನಾ ಖಿಲಾಯೇಂಗೇ ಮಿಟ್ಟೀ ಕೋ.”

ಎಲ್ಲರೂ ನಕ್ಕರು. ಮಣ್ಣಿಗೆ ಊಟವಂತೆ! ಸೆಕ್ರೆಟರಿ ಸಾಹೇಬರು ಕೆಟ್ಟವರಲ್ಲ. ‘ಆಯಿತು, ದಸರೆಗೆ ಅಲ್ಲಿ ಹಸಿರು ಕಂಡರೆ ಜಾಗ ಹಾಗೇ ಇರಲಿ, ಕಾಣದಿದ್ದರೆ ಬ್ಲಾಕು’ ಎಂದರು. ‘ಕಾಣದಿದ್ದರೆ ಆ ಬ್ಲಾಕುಗಳನ್ನು ನಾನೇ ತಲೆಯ ಮೇಲೆ ಹೊತ್ತು ಹಾಕುತ್ತೇನೆ’ ಎಂದು ಮಾಮಾ ಎಲ್ಲರೆದುರು ಮಾತು ಕೊಟ್ಟರು.

ಮರುದಿನ ಕೇಳಿದೆ. “ನಿಮಗೆಂತಕ್ಕೆ ಬೇಕಿತ್ತು ಮಾರಾಯ್ರೇ ಈ ಉಸಾಬರಿ? ರಿಟೈರ್ ಆಗುವ ಹೊತ್ತಿಗೆ?”

ಅವರು ಚಹಾ ಮುಗಿಸಿ, ಗ್ಲಾಸಿನ ತಳ ನೋಡಿ ಹೇಳಿದರು. “ಅಕ್ಕಾರ, ವಾಚ್‌ಮನ್ ಆಗೂಕಿಂತ ಮೊದಲ ಮೂವತ್ತು ವರ್ಷ ನಾ ಏನ್ ಮಾಡೀನಿ ಗೊತ್ತೈತೇನ್ರಿ? ಈ ಊರಿನ ಮಣ್ಣಿನ ಮ್ಯಾಲ ಸಿಮೆಂಟ್ ಹಾಕೀನಿ. ರೋಡು, ಫುಟ್‌ಪಾತು, ಅಂಗಳ. ಮುಚ್ಚಿದ್ದ ಮುಚ್ಚಿದ್ದು. ಹೋಗೂದರಾಗ ಒಂದರೆ ತುಕಡಿ ತೆರೀಬೇಕಂತ ಆಶಾ.”



ಅವರು ಆರಿಸಿಕೊಂಡದ್ದು ಸೂರ್ಯಕಾಂತಿ. ಅವರ ಬಾಯಲ್ಲಿ ಅದು ಸೂರ್ಯಪಾನ. ಹೊಲದ ಕೆಟ್ಟ ಮೂಲೆಯಲ್ಲಿ ಅವರ ತಾಯಿ ಅದನ್ನು ಒತ್ತೊತ್ತಾಗಿ ಬಿತ್ತಿ, ಮೊಗ್ಗು ಬರುತ್ತಲೂ ಕಡಿದು ಮಣ್ಣಿಗೆ ಸೇರಿಸುತ್ತಿದ್ದರಂತೆ. “ಅದರ ಬೇರು ಹಾರೀ ಇದ್ದಂಗರಿ, ಅಕ್ಕಾರ. ಗಟ್ಟಿ ನೆಲ ಇರಲಿ, ಹೊಕ್ಕು ಹೋಗತೈತಿ. ಮೈಯೆಲ್ಲ ಎಲಿ. ಮಣ್ಣಿಗೆ ಹೊಟ್ಟಿ ತುಂಬ ಊಟ.” ಈ ಜಾಗ ಸತ್ತುಹೋಗಿದೆ ಎಂದು ನಾನು ಹೇಳಿದ್ದಕ್ಕೆ ಅವರು ಒಂದು ಚಿಟಿಕೆ ಧೂಳು ತೆಗೆದು ಮೂಸಿ, ನಾಲಿಗೆಯ ತುದಿಗಿಟ್ಟು ಉಗುಳಿದರು. “ಮಣ್ಣು ಸಾಯೂದಿಲ್ರಿ. ಉಪಾಸ ಇರತೈತಿ, ಅಷ್ಟ.”

ಬೀಜ ತಂದದ್ದು ಕ್ರಾಫರ್ಡ್ ಮಾರ್ಕೆಟಿನಿಂದ, ಗಿಳಿಗಳಿಗೆ ತಿನ್ನಿಸುವ ಬೀಜ! ನಮ್ಮವರೇ ಫೋರ್ಟಿನ ಹಳೇ ಹೋಟೆಲಿಗೆ ಹೋಗಿ ಬರುವಾಗ ಚೀಲ ಹೊತ್ತು ತಂದರು. ಮಾಮಾ ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಗೇಟಿನ ಮೊಳೆಗೆ ತೂಗುಹಾಕಿದರು. ನಾಲ್ಕು ದಿನವಾದರೂ ಒಂದೂ ಮೊಳೆಯಲಿಲ್ಲ, ಹುರಿದ ಬೀಜ. “ಇದನ್ನ ನಾವ ತಿನ್ನೂಣು” ಎಂದು ಎಲ್ಲರಿಗೂ ಹಂಚಿದರು. ಎರಡನೇ ಚೀಲದ್ದು ಮೊಳೆಯಿತು. ಆ ಗಂಟು ಬಿಚ್ಚಿ, ಬಿಳಿ ಬಾಲ ಬಂದ ಬೀಜವನ್ನು ಚಿನ್ನುವಿನ ಅಂಗೈಯಲ್ಲಿಟ್ಟಾಗ ಅವಳು ಉಸಿರು ಬಿಗಿಹಿಡಿದು ನಿಂತುಬಿಟ್ಟಳು. “ಅಜ್ಜಿ, ಯೇ ಜಿಂದಾ ಹೈ!” ಬೀಜಕ್ಕೆ ಜೀವ ಇದೆಯಂತೆ!

ನೆಲ ಅಗೆಯಲು ನಾವು ಏಳೆಂಟು ಹೆಂಗಸರು ಇಳಿದೆವು. ಹಂಚಿನ ಚೂರು, ಇಟ್ಟಿಗೆ, ಗಾಜು, ತಂತಿ. ಒಂದು ಬುಟ್ಟಿಯಲ್ಲಿ ನನ್ನ ಹಳೇ ಅಡುಗೆಮನೆಯ ಹಸಿರು ಟೈಲ್ಸಿನ ಚೂರು ಸಿಕ್ಕಿತು. ಸೆರಗಲ್ಲಿ ಒರೆಸಿ ಮನೆಗೆ ತಂದಿಟ್ಟಿದ್ದೇನೆ. ಮೊದಲ ಮಳೆಗೆ ಬಿತ್ತಿದೆವು. ಬಿತ್ತಿದ ಮರುಕ್ಷಣವೇ ಪರೇಲಿನ ಪಾರಿವಾಳಗಳೆಲ್ಲ ಹಾಜರ್! ಮಾಮಾ ಸೀಟಿ ಊದಿದರು. ಪಾರಿವಾಳ ಸೀಟಿಗೆ ಹೆದರುತ್ತವೆಯೇ? ಕೊನೆಗೆ ಮನೆಮನೆಯಿಂದ ಹಳೇ ಸೀರೆ ತಂದು ನೆಲಕ್ಕೆ ಹೊದಿಸಿ ಅಂಚಿಗೆ ಇಟ್ಟಿಗೆ ಇಟ್ಟೆವು. ಮೇಲಿನಿಂದ ನೋಡಿದರೆ ಯಾರೋ ದೊಡ್ಡ ಹೆಂಗಸು ಹನ್ನೊಂದು ಸೀರೆ ಉಟ್ಟು ಮಲಗಿದಂತೆ. ಐದನೇ ದಿನ ಸೀರೆಗಳು ಅಲ್ಲಲ್ಲಿ ಗುಬುಟುಗುಬುಟಾಗಿ ಮೇಲೆದ್ದವು. ಎತ್ತಿ ನೋಡಿದರೆ, ಅಯ್ಯೋ ದೇವರೇ, ಸಾಲು ಸಾಲು ಎರಡೆಲೆಯ ಮಕ್ಕಳು!

ಜುಲೈ ಮುಗಿಯುವಷ್ಟರಲ್ಲಿ ಎದೆಯೆತ್ತರ. ರೈಲಿನಲ್ಲಿ ಹೋಗುವವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಿಲ್ಡಿಂಗಿನ ಹುಡುಗಿಯರು ಮೊಗ್ಗಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸೆಕ್ರೆಟರಿ ಸಾಹೇಬರೇ ಸ್ವತಃ, ಹೂ ಬಿಟ್ಟ ದಿನ ಎಲ್ಲರಿಗೂ ಚಹಾ ಎಂದು ಸಾರಿದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಮಾಮಾ ಕುಡಗೋಲು ಮಸೆಯುತ್ತ ಕುಳಿತಿದ್ದರು.

“ಎಂತದು ಮಾರಾಯ್ರೇ ಇದು? ನಾಳೆ ನಾಡಿದ್ದು ಅರಳುತ್ತವೆ. ಇವತ್ತು ಕಡಿಯುವುದಾ? ಪಾಪ ಅಲ್ವಾ?”

“ಅರಳಿದ್ದು ನಮಗ, ಮೊಗ್ಗು ಮಣ್ಣಿಗೆ,” ಎಂದರು. “ಅರಳಿತಂದ್ರ ದಂಟು ಕಟ್ಟಿಗಿ ಆಗತೈತ್ರಿ. ಕಟ್ಟಿಗಿ ಯಾರು ತಿಂತಾರ? ಮಣ್ಣೂ ತಿನ್ನೂದಿಲ್ಲ. ಎಳೇದಿದ್ದಾಗ ಕೊಟ್ರ ಬಾಯಾಗ ಕರಗತೈತಿ.”

ಬಿಲ್ಡಿಂಗಿಗೆ ಬಿಲ್ಡಿಂಗೇ ಕೆಳಗಿಳಿಯಿತು. ಹುಚ್ಚು ಹಿಡಿದಿದೆ ಎಂದವರು ಕೆಲವರು, ಮೊದಲೇ ಹೇಳಬಾರದಿತ್ತೇ ಎಂದವರು ಕೆಲವರು. ಅವರು ಹೇಳಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ. ಚಿನ್ನು ಮಾತ್ರ ಅವರ ಪ್ಯಾಂಟು ಹಿಡಿದು ಅತ್ತಳು. “ಮಾಮಾ, ಒನ್ ಬಿಡಿ ನಾ. ಸಿರ್ಫ್ ಒನ್. ಪ್ಲೀಸ್.”

ಮಾಮಾ ಅವಳೆದುರು ಕುಕ್ಕುರುಗಾಲಲ್ಲಿ ಕುಳಿತರು. “ಆತಬೇ ಯವ್ವಾ. ಯಾವುದು ಬೇಕು? ನೀನ ಆರಿಸು.” ಅವಳು ಗೋಡೆಯ ಮೂಲೆಯದನ್ನು ತೋರಿಸಿದಳು. ಅದೊಂದು ಉಳಿಯಿತು. ಉಳಿದದ್ದೆಲ್ಲ ಮಧ್ಯಾಹ್ನದೊಳಗೆ ನೆಲಕ್ಕೆ ಮಲಗಿತು. ಗೇಣುಗೇಣು ತುಂಡು ಮಾಡಿ, ಎರಡು ದಿನ ಬಾಡಲು ಬಿಟ್ಟು, ಸಲಿಕೆಯಲ್ಲಿ ಮಗುಚಿ ಮುಚ್ಚಿದೆವು. ಮುಗಿದ ಮೇಲೆ ಮಾಮಾ ಕೈ ಮುಗಿದು ಹೇಳಿದ್ದು ಒಂದೇ ಮಾತು. “ಇನ್ನ ತಿಂಗಳೊಪ್ಪತ್ತು ಯಾರೂ ಮುಟ್ಟಬ್ಯಾಡ್ರಿ.”

ಮುಟ್ಟಿದವಳು ನಾನೇ!

ನಮ್ಮ ಕಡೆ ಗುಡ್ಡೆಯಿಂದ ಸೊಪ್ಪು ಹೊತ್ತು ತಂದು ಗದ್ದೆಗೆ ತುಳಿದರೆ, ನಾಲ್ಕು ದಿನದಲ್ಲಿ ಭತ್ತದ ನೇಜಿ ನೆಡುವುದೇ. ಆರು ವರ್ಷದ ಹುಡುಗಿಯಾಗಿದ್ದಾಗಲೇ ನಾನು ಸೊಪ್ಪಿನ ಹೊರೆ ಹೊತ್ತವಳು, ನನಗೆ ಬಿಜಾಪುರದವರು ಪಾಠ ಹೇಳುವುದಾ? ತಮ್ಮ ಕಳುಹಿಸಿದ್ದ ಕೆಂಪು ಹರಿವೆ ಬೀಜ ಡಬ್ಬಿಯಲ್ಲಿತ್ತು. ಮಾಮಾ ಊಟಕ್ಕೆ ಹೋದ ಹೊತ್ತು ನೋಡಿ, ಒಂದು ಕಾಳೂ ಉಳಿಸದೆ ಚೆಲ್ಲಿ ಬಂದೆ. ಬೇಗ ಹಸಿರಾದರೆ ಅವರ ಮಾತು ಉಳಿಯುತ್ತದಲ್ಲ ಎಂಬ ಒಳ್ಳೆಯ ಬುದ್ಧಿಯಿಂದಲೇ.

ವಾರವಾಯಿತು. ಎರಡು ವಾರವಾಯಿತು. ಹರಿವೆ ಎಂದರೆ ಚೆಲ್ಲಿದ ಕಡೆ ಹುಟ್ಟುವ ಸೊಪ್ಪು. ಇಲ್ಲಿ ಒಂದು ಎಲೆಯಿಲ್ಲ. ಆ ಮೂಲೆಯ ಒಂಟಿ ಸೂರ್ಯಕಾಂತಿ ಮಾತ್ರ ತಟ್ಟೆಯಗಲ ಅರಳಿ ನನ್ನನ್ನೇ ನೋಡುತ್ತಿತ್ತು. ಸೆಕ್ರೆಟರಿ ಸಾಹೇಬರು ಬಂದು ಬೋಳು ನೆಲ ನೋಡಿ, “ಮಾಮಾ, ಬ್ಲಾಕ್ ಉಠಾನೇ ಕೀ ಪ್ರಾಕ್ಟೀಸ್ ಕರೋ” ಎಂದು ನಕ್ಕು ಹೋದರು. ನನಗೆ ತಡೆಯಲಾಗಲಿಲ್ಲ. ಮಾಮಾನ ಸ್ಟೂಲಿನ ಮುಂದೆ ಹೋಗಿ ನಿಂತು ಎಲ್ಲ ಒಪ್ಪಿಕೊಂಡೆ. ಕಣ್ಣಲ್ಲಿ ನೀರು. ಇವರ ಮಾತು ಹೋಯಿತಲ್ಲ ನನ್ನಿಂದ!

ಮಾಮಾ ನನ್ನನ್ನೇ ನೋಡಿದರು. ಆಮೇಲೆ ಮಫ್ಲರಿನಿಂದ ಬಾಯಿ ಮುಚ್ಚಿಕೊಂಡರು. ಸಿಟ್ಟು ಬಂದಿದೆ ಎಂದುಕೊಂಡೆ. ಭುಜ ಕುಣಿಯುತ್ತಿತ್ತು, ನಗು!

“ಅಕ್ಕಾರ, ಉಂಡ ಕೂಡಲೇ ಯಾರನ್ನರ ಕೆಲಸಕ್ಕ ಹಚ್ಚತಾರೇನ್ರಿ? ಮಣ್ಣು ಇನ್ನೂ ಉಣ್ಣಾಕತ್ತೈತಿ. ಈ ಸೂರ್ಯಪಾನದಾಗ ಒಂದು ಕಸರ, ನಂಜಿದ್ದಂಗ, ಇರತೈತಿ, ತಾ ಕರಗೂತನಕ ಸಣ್ಣ ಬೀಜ ಏಳಗೊಡೂದಿಲ್ಲ. ಪೂರಾ ಕರಗಲಿ ತಡೀರಿ.”

“ಬೀಜ ಎಲ್ಲ ಮುಗಿಯಿತಲ್ಲ ಮಾರಾಯ್ರೇ!”

“ನಿಮ್ಮ ತಮ್ಮಗ ಫೋನ್ ಹಚ್ರಿ. ನಾ ಅವರ ಹಿಂದ ಬಸ್‌ಸ್ಟಾಪ್ ತನಕ ಓಡೀನಿ, ಅವ್ರು ನನಗ ಅಷ್ಟು ಬೀಜ ಕಳಸೂದಿಲ್ಲೇನ್ರಿ?”

ಬೀಜ ಮಂಗಳೂರಿನ ಬಸ್ಸಿನಲ್ಲಿ ಬಂತು. ಈ ಸಲ ನಾನು ಡಬ್ಬಿಯನ್ನು ಮಾಮಾನ ಕೈಗೇ ಕೊಟ್ಟೆ. ಗಣಪತಿ ಹೋದ ಮೇಲೆ ಒಂದು ದಿನ ಅವರು ಬರಿಗೈಯನ್ನು ನೆಲದೊಳಗೆ ತೂರಿಸಿದರು. ಮೊಣಕೈಯ ಅರ್ಧದವರೆಗೆ ಹೋಯಿತು. ಮೇ ತಿಂಗಳಲ್ಲಿ ಹಾರೆ ಬಡಿದರೆ ಕಿಡಿ ಹಾರುತ್ತಿದ್ದ ನೆಲ! ಹೊರತೆಗೆದ ಮುಷ್ಟಿಯನ್ನು ಚಿನ್ನುವಿನ ಮೂಗಿನ ಹತ್ತಿರ ಹಿಡಿದರು. ಕಪ್ಪು, ಪುಡಿಪುಡಿ, ಒಳಗೆ ಒಂದು ಎರೆಹುಳು. ಚಿನ್ನು ಹಿಂದಕ್ಕೆ ಸರಿಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ ಮೂಸಿದಳು. “ಮಾಮಾ, ಬಾರಿಶ್ ಕೀ ಸ್ಮೆಲ್!” ಮಳೆಯ ವಾಸನೆಯಂತೆ! ಆ ಸಂಜೆಯೇ ಹರಿವೆ ಬಿತ್ತಿದೆವು.

ಆ ದಿನಗಳಲ್ಲೇ ಇನ್ನೊಂದು ಬೆಳೆ ಬೆಳೆಯುತ್ತಿತ್ತು, ನನಗೇ ಗೊತ್ತಿರಲಿಲ್ಲ. ಶಾಲೆಯ ಬಸ್ಸು ಬರುವವರೆಗೆ ಬೆಳಿಗ್ಗೆ ಹತ್ತು ನಿಮಿಷ ಚಿನ್ನು ಗೇಟಿನಲ್ಲಿ ನಿಲ್ಲುತ್ತಾಳಲ್ಲ, ಆಗ ಮಾಮಾ ರಿಜಿಸ್ಟರು ತೆರೆದು, “ಯವ್ವಾ, ಹಾಲಿನಾಂವ ಬಂದಾನ. ಇವನ ಹೆಸರಾಗ ಮೊದಲನೇದು ಯಾವುದು ನೋಡು” ಎನ್ನುತ್ತಿದ್ದರಂತೆ. ಬಂದವರ ಹೆಸರೇ ಅವಳ ಅಕ್ಷರಮಾಲೆ. ಕೊರಿಯರಿನವನಿಂದ ‘ಕ’, ಗ್ಯಾಸಿನವನಿಂದ ‘ಗ’. ನನ್ನ ಸ್ಲೇಟು ಮಾಡದ್ದನ್ನು ಗೇಟು ಮಾಡಿತು.

ದಸರೆಗೆ ಅರ್ಧ ನೆಲ ಕೆಂಪು ಹರಿವೆ, ಗೇಣುದ್ದ. ಇನ್ನರ್ಧ ಬೆಂಡೆಗೆಂದು ಹದ ಮಾಡಿ ಬಿಟ್ಟದ್ದು. ಭಾನುವಾರ ಎಲ್ಲರೂ ಸೇರಿದರು. ಮಾಮಾ ಆ ದಿನ ಚಹಾ ಮುಟ್ಟಿರಲಿಲ್ಲ. ಸೆಕ್ರೆಟರಿ ಸಾಹೇಬರು ಹರಿವೆ ನೋಡಿ ಒಪ್ಪಿದರು, ಆದರೆ ಹಟ ಪೂರ್ತಿ ಬಿಡಲಿಲ್ಲ. ಅರ್ಧ ಹಸಿರಿದೆ, ಅರ್ಧವೇ ಇರಲಿ. ಖಾಲಿ ಇರುವ ಅರ್ಧಕ್ಕೆ ಬ್ಲಾಕು ಹಾಕೋಣ, ನೋಡಿ, ಎಷ್ಟು ಚೆನ್ನಾಗಿ ಸ್ಕೂಟರು ನಿಲ್ಲುತ್ತದೆ ಎಂದು ತಮ್ಮ ಹೊಸ ಸ್ಕೂಟರನ್ನೇ ತಳ್ಳಿಕೊಂಡು ಬಂದು, ಹದ ಮಾಡಿದ ಮಣ್ಣಿನ ಮೇಲೆ ಸ್ಟ್ಯಾಂಡು ಹಾಕಿ, ಕೈ ಬಿಟ್ಟು, ನಮ್ಮ ಕಡೆ ತಿರುಗಿ ಭಾಷಣ ಶುರು ಮಾಡಿದರು.

ಅವರ ಬೆನ್ನ ಹಿಂದೆ ಸ್ಟ್ಯಾಂಡು ಮೆಲ್ಲಗೆ ಒಳಗಿಳಿಯಿತು. ಸ್ಕೂಟರು ಒಂದಿಷ್ಟು ವಾಲಿತು. ಇನ್ನಷ್ಟು ವಾಲಿತು. ಮಧ್ಯಾಹ್ನದ ಎಮ್ಮೆ ಕೆರೆಯಲ್ಲಿ ಕೂರುವ ಹಾಗೆ, ಯಾವ ಅವಸರವೂ ಇಲ್ಲದೆ, ಅದು ನನ್ನ ಹರಿವೆಯೊಳಗೆ ಒರಗಿ ಮಲಗಿತು.

ಮೊದಲು ನಕ್ಕಿದ್ದು ಚಿನ್ನು. ಆಮೇಲೆ ನಾನು, ನಮ್ಮೂರಿನ ಜಾತ್ರೆಯಲ್ಲೂ ಹಾಗೆ ನಕ್ಕಿದ್ದಿಲ್ಲ. ಡಾಕ್ಟರಮ್ಮ ಗೋಡೆ ಹಿಡಿದುಕೊಂಡರು. ಸೆಕ್ರೆಟರಿ ಸಾಹೇಬರು ತಿರುಗಿ ನೋಡಿ, ಓಡಿಹೋಗಿ ಎತ್ತಲು ಬಗ್ಗಿ, ತಾವೂ ಪಾದ ಮುಳುಗುವಷ್ಟು ಒಳಗಿಳಿದರು. ಸ್ಕೂಟರಿನ ಕನ್ನಡಿಗೆ ಮೆತ್ತಿದ ಮಣ್ಣನ್ನು ಒರೆಸಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು.

“ಅರೇ! ಯೇ ತೋ ಸಚ್ಚೀ ಕೀ ಮಿಟ್ಟೀ ಹೈ!”

ನಿಜವಾದ ಮಣ್ಣು ಎಂದು ಅವರ ಬಾಯಿಂದಲೇ ಬಂತು. ಅವರೂ ನಕ್ಕರು ನೋಡಿ, ಅಷ್ಟೇ ಬೇಕಿತ್ತು. ಬ್ಲಾಕಿನ ಮಾತು ಅಲ್ಲಿಗೆ ನಿಂತಿತು. ಮಾಮಾ ಸ್ಕೂಟರು ಎತ್ತಿ ನಿಲ್ಲಿಸಿ, ಅದರಡಿ ಸಿಕ್ಕ ಹರಿವೆಯನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ಗೇಟಿಗೆ ಹೋಗಿ ಒಂದರ ಮೇಲೊಂದು ಮೂರು ಗ್ಲಾಸು ಚಹಾ ಕುಡಿದರು.

ಚಿನ್ನು ಉಳಿಸಿಕೊಂಡ ಆ ಒಂಟಿ ಗಿಡವೂ ಒಂದು ಪಾಠ ಹೇಳಿತು. ಹೂ ಒಣಗಿದ ಮೇಲೆ ಅದನ್ನು ಕಡಿದು ಮಣ್ಣಿಗೆ ಹಾಕಲು ಹೋದರೆ ಕುಡಗೋಲು ಟಣ್ ಎಂದಿತು. ದಂಟು ಕೋಲಾಗಿತ್ತು. “ನೋಡಿದಿಯೇನಬೇ? ಇದನ್ನ ಯಾರು ತಿಂತಾರ?” ಎಂದರು ಮಾಮಾ. ಈಗ ಅದೇ ಕೋಲನ್ನು ನೆಟ್ಟು ಹೀರೆ ಬಳ್ಳಿ ಹಬ್ಬಿಸಿದ್ದೇವೆ.

ಈ ತಿಂಗಳು ಗೇಟಿಗೆ ಏಜೆನ್ಸಿಯ ಹೊಸ ಹುಡುಗರು ಬಂದರು, ಎಲ್ಲ ಫೋನಿನಲ್ಲೇ ಒತ್ತುತ್ತಾರೆ. ಮಾಮಾ ಅಂಬರನಾಥದಲ್ಲಿರುವ ಮಗಳ ಮನೆಗೆ ಹೊರಟರು. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಎರಡು ಮಾತಾಡಿ ಎಂದರೆ ಮೈಕು ಹಿಡಿದು ನಿಂತರು. “ಸಂಜೀಕ ಗೇಟ್ ಹಾಕ್ಕೋರಿ,” ಎಂದು ಕನ್ನಡದಲ್ಲಿ ಹೇಳಿ ಮೈಕು ವಾಪಸು ಕೊಟ್ಟರು. ಅರ್ಥವಾದದ್ದು ನಮ್ಮ ಮನೆಯವರಿಗಷ್ಟೇ, ಚಪ್ಪಾಳೆ ಮಾತ್ರ ಎಲ್ಲರದ್ದು. ಹೋಗುವಾಗ ತೆಂಗಿನಕಾಯಿ ತೋರಿಸಿ, “ಅಕ್ಕಾರ, ಕಡೀಗೂ ಚಹಾದಾಗ ಹಾಕೂ ಹಂಗ ಮಾಡಿದ್ರಿ” ಎಂದರು. ಮಗಳ ಮನೆಯಲ್ಲಿ ಅಂಗಳ ಇದೆಯಾ ಎಂದೆ. “ಐತ್ರಿ. ಪೂರಾ ಸಿಮೆಂಟು!” ಎಂದು ಹಲ್ಲು ಬಿಟ್ಟರು, ಹೊಸ ಕೆಲಸ ಸಿಕ್ಕವರ ಹಾಗೆ.

ಸೋಮವಾರ ಏಜೆನ್ಸಿಯವರು ಹಳೇ ರಿಜಿಸ್ಟರುಗಳನ್ನು ರದ್ದಿಗೆ ಹಾಕುತ್ತಿದ್ದರು. ನಾನು ಹೋಗಿ ಎಲ್ಲ ಹೊತ್ತು ತಂದೆ. ಓದಬಲ್ಲವಳು ನಾನೊಬ್ಬಳೇ ಅಲ್ಲವೇ? ಸಂಜೆ ಚಿನ್ನು ಶಾಲೆಯಿಂದ ಬಂದವಳು ಒಂದನ್ನು ತೊಡೆಯ ಮೇಲೆ ಹರಡಿಕೊಂಡಳು. ನಾನು ಅಕ್ಕಿ ಆರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವಳ ದನಿ ಕೇಳಿತು, ಅಕ್ಷರಕ್ಕೆ ಅಕ್ಷರ ಪೋಣಿಸುತ್ತಾ.

“ಸೂ...ರ್ಯ...ಪಾ...ನ. ಅಜ್ಜಿ, ಸೂರ್ಯಪಾನ! ಯಾರ ಮನೆಗೆ... ಮ...ಣ್ಣ...ವ್ವ...ನ ಮನೆಗೆ. ಬಂದ ಹೊತ್ತು... ಮೊ...ದ...ಲ ಮ...ಳೆ.”

ನನ್ನ ಕೈಯಿಂದ ಮೊರ ಜಾರಿತು. ಅಕ್ಕಿಯೆಲ್ಲ ಹಾಲ್ ತುಂಬ. ಓದುತ್ತಿದ್ದಾಳೆ! ನನ್ನ ಮೊಮ್ಮಗಳು ಪರೇಲಿನ ಹನ್ನೊಂದನೇ ಮಾಳಿಗೆಯಲ್ಲಿ ಕೂತು ಕನ್ನಡ ಓದುತ್ತಿದ್ದಾಳೆ!

“ಮುಂದೆ ಓದು ಮಗಾ, ಹೋದ ಹೊತ್ತು?”

ಅವಳು ಬೆರಳು ಸರಿಸಿದಳು. “ಇಲ್ಲಿ ಏನೂ ಬರೆದಿಲ್ಲ ಅಜ್ಜಿ. ಬ್ಲ್ಯಾಂಕ್ ಇದೆ. ಮಾಮಾ ಭೂಲ್ ಗಯೇ ಕ್ಯಾ?”

ಬಸ್‌ಸ್ಟಾಪಿನವರೆಗೆ ಓಡಿ ಆ ಮನೆ ತುಂಬಿಸಿದ ಮನುಷ್ಯ ಮರೆಯುತ್ತಾರೆಯೇ? ಚಿನ್ನು ಪುಸ್ತಕ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ಅವಳ ಮುಖವೇ ಅರಳಿತು.

“ಅಜ್ಜಿ! ಅದು ಹೋಗೇ ಇಲ್ಲ! ಅಂದರ್ ಹೀ ಇದೆ!”

ಅಕ್ಕಿ ತುಳಿದುಕೊಂಡೇ ನನ್ನ ಕೈ ಹಿಡಿದು ಎಳೆದಳು. ಲಿಫ್ಟಿಗೂ ಕಾಯಲಿಲ್ಲ, ಹನ್ನೊಂದು ಮಾಳಿಗೆ ಮೆಟ್ಟಿಲಲ್ಲೇ ಇಳಿಸಿದಳು, ಈ ಮೊಣಕಾಲಿನವಳನ್ನು! ಹಿಂದುಗಡೆ ಹೋದವಳೇ ಚಪ್ಪಲಿ ಒಂದು ಕಡೆ ಒಗೆದು, ಬರಿಗಾಲಲ್ಲಿ ಬೆಂಡೆಯ ಸಾಲಿನ ನಡುವೆ ಹೋಗಿ ನಿಂತಳು. ಪಾದ ಗಂಟಿನವರೆಗೂ ಒಳಗಿಳಿಯಿತು.

“ನೀನೂ ಬಾ ಅಜ್ಜಿ,” ಎಂದಳು. ಪೂರ್ತಿ ಕನ್ನಡದಲ್ಲಿ.

ನಾನು ಚಪ್ಪಲಿ ಬಿಟ್ಟು ಇಳಿದೆ.